‘ಓನ್ಲಿ’ ಎಂಬ ಅವ್ಯಯವೂ ಕನ್ನಡದ ಅವಧಾರಣೆಯೂ

೧

ಇಂಗ್ಲಿಷಿನ ‘ಓನ್ಲಿ’ ಎಂಬ ಅವ್ಯಯವು ಬೆಂಗಳೂರಿನ ಆಡುಮಾತಿನಲ್ಲಿ ತಳೆದಿರುವ ಅರ್ಥವನ್ನು ಕುರಿತು ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಮೊದಲನೆಯದು ಇಂಗ್ಲಿಷ್ ಕಲಿಸುವವರಲ್ಲಿ ಅನೇಕರ ಅಭಿಪ್ರಾಯ. ‘ಐ ಆಮ್ ಸ್ಟೇಯಿಂಗ್ ಇನ್ ರಾಜಾಜಿನಗರ್ ಓನ್ಲಿ’ ಎಂಬಂಥ ವಾಕ್ಯವು ಅಶುದ್ಧವಾದುದು. ಅದನ್ನು ವಿದ್ಯಾರ್ಥಿಗಳ ಬಾಯಿಂದ ಬಿಡಿಸಬೇಕು ಎಂದು ಅವರು ಹೇಳುತ್ತಾರೆ. ಎರಡನೆಯದು ಈಚಿನವರ ಅಭಿಪ್ರಾಯ. ಭಾಷೆಯು ಹೋದ ಊರಿನ ನೀರನ್ನು ಕುಡಿಯುವುದು ಸಹಜ, ಆದ್ದರಿಂದ ಈ ಪ್ರಯೋಗವೂ ಶುದ್ಧವೇ ಸರಿ ಎಂದು ಅವರ ವಾದ. ಒಂದು ಪಕ್ಷಕ್ಕೆ ಇದು ತಪ್ಪು, ಇನ್ನೊಂದಕ್ಕೆ ಇದು ಅಲಂಕಾರ. ಆದರೆ ಈ ಪದವು ನಿಜವಾಗಿ ಯಾವ ಕೆಲಸವನ್ನು ಮಾಡುತ್ತಿದೆ, ಆ ಕೆಲಸವನ್ನು ಇಂಗ್ಲಿಷಿನಲ್ಲಿ ಅದು ಮಾಡಬಲ್ಲುದೆ, ಮಾಡಲಾರದಾದರೆ ನಷ್ಟವು ಯಾರಿಗೆ ಎಂಬ ಪ್ರಶ್ನೆಗಳನ್ನು ಎರಡು ಪಕ್ಷದವರೂ ಸಾಕಷ್ಟು ವಿಚಾರಿಸಿದಂತೆ ತೋರುವುದಿಲ್ಲ.

ಇತಿಹಾಸವನ್ನು ಪಾಠ ಹೇಳುವವನಿಗೆ ವ್ಯಾಕರಣದ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಉತ್ತರ ಸರಳವಾದುದು. ಇತಿಹಾಸಕಾರನು ಹೇಳುವ ಮಾತುಗಳಲ್ಲಿ ಬಹುಪಾಲು ಎರಡು ಬಗೆಯವು: ಇಂಥದು ಇಂಥ ಕಾಲದಲ್ಲಿ ನಡೆಯಿತು, ಇಂಥದಕ್ಕೆ ಇಂಥದು ಕಾರಣ. ಈ ಎರಡು ಬಗೆಯ ವಾಕ್ಯಗಳಲ್ಲಿಯೂ ಕನ್ನಡದಲ್ಲಿ ‘ಏ’ ಎಂಬ ಪ್ರತ್ಯಯವು, ಇಂಗ್ಲಿಷಿನಲ್ಲಿ ‘ಓನ್ಲಿ’ ಎಂಬ ಪದವು ಮೇಲಿಂದ ಮೇಲೆ ಬರುತ್ತವೆ. ಇಂದಿನ ವಿದ್ಯಾರ್ಥಿಯು ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವವನು. ಈ ಸಣ್ಣ ಪದವು ಒಂದು ದಡದಿಂದ ಇನ್ನೊಂದು ದಡಕ್ಕೆ ಸಾಗುವಾಗ ಅರ್ಥವು ತಲೆಕೆಳಗಾಗುವುದುಂಟು. ಅದು ಎಲ್ಲಿ ಆಗುತ್ತದೆ, ಏಕೆ ಆಗುತ್ತದೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಇಂಗ್ಲಿಷಿನ ಪದವನ್ನು ನೋಡೋಣ. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ‘ಒಂದರಂಥ’ ಎಂದು ಅರ್ಥ. ‘ಒನ್’ ಎಂಬ ಸಂಖ್ಯಾವಾಚಕವೇ ಅದರ ಗರ್ಭದಲ್ಲಿದೆ. ಒಂದನ್ನು ಎಣಿಸಿ ಉಳಿದುದನ್ನು ಹೊರಗಿಡುವುದು ಇದರ ಹುಟ್ಟುಗುಣ. ‘ಇಫ್ ಓನ್ಲಿ’, ‘ಓನ್ಲಿ ಟೂ ಗ್ಲ್ಯಾಡ್’ ಮುಂತಾದ ನುಡಿಗಟ್ಟುಗಳನ್ನು ಬಿಟ್ಟರೆ, ಇಂಗ್ಲಿಷರ ಬರವಣಿಗೆಯಲ್ಲಿ ಈ ಪದವು ಇದ್ದೆಡೆಯಲ್ಲೆಲ್ಲ ಏನೋ ಒಂದು ಹೊರಗುಳಿದಿದೆ ಎಂದು ಓದುಗನು ತಿಳಿಯುತ್ತಾನೆ.

ಈ ಪದವನ್ನು ವಾಕ್ಯದಲ್ಲಿ ಎಲ್ಲಿಡಬೇಕು ಎಂಬುದು ಇಂಗ್ಲಿಷ್ ವೈಯಾಕರಣರ ಹಳೆಯ ಜಗಳ. ೧೭೬೨ರಲ್ಲಿ ಪ್ರಕಟವಾದ ತನ್ನ ವ್ಯಾಕರಣದಲ್ಲಿ ಬಿಷಪ್ ರಾಬರ್ಟ್ ಲೌತ್ ಈ ಪದವು ತಾನು ವಿಶೇಷಿಸುವ ಪದದ ಪಕ್ಕದಲ್ಲಿಯೇ ಇರಬೇಕೆಂದು ವಿಧಿಸಿದನು. ೧೯೨೬ರಲ್ಲಿ ಪ್ರಕಟವಾದ ಪ್ರಯೋಗಕೋಶದಲ್ಲಿ ಫೌಲರ್ ಇಂಥ ಕಟ್ಟಾ ನಿಯಮದವರನ್ನು ಹಾಸ್ಯ ಮಾಡಿ, ಅರ್ಥಕ್ಕೆ ತೊಡಕಿಲ್ಲದಿದ್ದರೆ ರೂಢಿಯಂತೆ ಕ್ರಿಯಾಪದದ ಹಿಂದೆ ಇಡಬಹುದೆಂದು ಹೇಳಿದನು. ಈ ಜಗಳಕ್ಕೆ ಕಾರಣವೇನೆಂದರೆ, ಇಂಗ್ಲಿಷಿನಲ್ಲಿ ಈ ಪದವು ಯಾವುದಕ್ಕೂ ಅಂಟಿಕೊಂಡಿಲ್ಲ. ‘ದಿ ಕ್ಲರ್ಕ್ ಓನ್ಲಿ ಗೇವ್ ದಿ ಲೆಟರ್’ ಎಂದು ಬರೆದರೆ, ಗುಮಾಸ್ತನು ಕಾಗದವನ್ನು ಕೊಟ್ಟನೇ ಹೊರತು ಬೇರೇನನ್ನೂ ಕೊಡಲಿಲ್ಲವೆಂದೋ, ಕೊಟ್ಟನೇ ಹೊರತು ಓದಿ ಹೇಳಲಿಲ್ಲವೆಂದೋ ಬರಿಯ ಬರಹದಿಂದ ತಿಳಿಯುವುದು ಕಷ್ಟ. ಆಡುವಾಗ ದನಿಯ ಏರಿಳಿತವು ಅದನ್ನು ತಿಳಿಸುತ್ತದೆ.

ಕನ್ನಡಕ್ಕೆ ಈ ಕಷ್ಟವಿಲ್ಲ. ‘ಗುಮಾಸ್ತನು ನಿನ್ನೆ ಕೆಂಗೇರಿಯಲ್ಲಿ ಕಾಗದವನ್ನು ಕೊಟ್ಟನು’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ‘ಗುಮಾಸ್ತನೇ’, ‘ನಿನ್ನೆಯೇ’, ‘ಕೆಂಗೇರಿಯಲ್ಲೇ’, ‘ಕಾಗದವನ್ನೇ’ ಎಂದು ಬೇಕಾದ ಪದಕ್ಕೆ ‘ಏ’ ಹತ್ತುತ್ತದೆ. ಕ್ರಿಯಾಪದಕ್ಕೂ ‘ಕೊಟ್ಟೇ ಕೊಟ್ಟನು’ ಎಂದು ಹತ್ತುತ್ತದೆ. ಎಲ್ಲಿಗೆ ಹತ್ತಿತೋ ಅಲ್ಲಿಗೇ ಒತ್ತು. ನಮ್ಮ ಶಾಲಾ ವ್ಯಾಕರಣಗಳು ಇದನ್ನು ಅವಧಾರಣಾರ್ಥಕ ಅವ್ಯಯವೆಂದು ಕರೆದು ‘ನಾನೇ’, ‘ಅವಳೇ’, ‘ಅದುವೇ’ ಎಂಬ ಉದಾಹರಣೆಗಳನ್ನು ಕೊಟ್ಟು ಮುಂದೆ ಸಾಗುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿರುವಾಗ, ಇಂದಿನ ತರಗತಿಯಲ್ಲಿ ಅವುಗಳಿಗೆ ಅರ್ಧ ಗಂಟೆಯೂ ಸಲ್ಲದಿರುವುದು ಶೋಚನೀಯ. ಅವಧಾರಣೆ ಎಂದರೆ ನಿಶ್ಚಯ, ಎಂದರೆ ಒತ್ತಿ ಹೇಳುವುದು. ಆದರೆ ಒತ್ತಿ ಹೇಳುವುದಕ್ಕೆ ಎಷ್ಟು ಬಗೆ?

೩

ಈ ಪ್ರಶ್ನೆಗೆ ಉತ್ತರವು ನಮ್ಮ ತರ್ಕಶಾಸ್ತ್ರದಲ್ಲಿ ಬಹು ಹಿಂದೆಯೇ ಸಿದ್ಧವಾಗಿದೆ. ಸಂಸ್ಕೃತದ ‘ಏವ’ ಎಂಬ ನಿಪಾತವು ಮಾಡುವ ಕೆಲಸವನ್ನು ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯು ಮೂರಾಗಿ ವಿಂಗಡಿಸಿದನು. ಅನಂತರದ ನೈಯಾಯಿಕರೂ ಈ ವಿಭಾಗವನ್ನು ಬಳಸಿಕೊಂಡರು. ಶಾಸ್ತ್ರಗ್ರಂಥಗಳ ರೂಢಿಯ ಉದಾಹರಣೆಗಳನ್ನೇ ಕನ್ನಡದಲ್ಲಿ ಹೇಳುವುದಾದರೆ:

ಮೊದಲನೆಯದು ಅಯೋಗವ್ಯವಚ್ಛೇದ. ‘ಶಂಖವು ಬಿಳಿಯೇ’ ಎಂದಾಗ ಶಂಖಕ್ಕೆ ಬಿಳುಪಿನ ಸಂಬಂಧವಿಲ್ಲದಿರಬಹುದು ಎಂಬ ಶಂಕೆಯು ದೂರವಾಗುತ್ತದೆ. ಶಂಖವಲ್ಲದ ಹಾಲೂ ಬಿಳಿಯಾಗಿರಬಹುದು. ಅದಕ್ಕೆ ಈ ವಾಕ್ಯದ ಅಡ್ಡಿಯಿಲ್ಲ.

ಎರಡನೆಯದು ಅನ್ಯಯೋಗವ್ಯವಚ್ಛೇದ. ‘ಪಾರ್ಥನೇ ಧನುರ್ಧರನು’ ಎಂದಾಗ ಆ ಹೆಸರಿಗೆ ತಕ್ಕ ಬಿಲ್ಗಾರರು ಇತರರಿಲ್ಲವೆಂದು ಅರ್ಥ. ಇಲ್ಲಿ ಅನ್ಯರು ಹೊರಗುಳಿದರು.

ಮೂರನೆಯದು ಅತ್ಯಂತಾಯೋಗವ್ಯವಚ್ಛೇದ. ‘ತಾವರೆಯು ನೀಲಿಯಾಗಿರುವುದುಂಟೇ ಉಂಟು’ ಎಂದಾಗ, ತಾವರೆಗೂ ನೀಲಿಗೂ ಎಂದೆಂದಿಗೂ ಸಂಬಂಧವೇ ಇಲ್ಲ ಎಂಬ ಮಾತನ್ನು ತಳ್ಳಿಹಾಕಿದಂತಾಯಿತು. ಎಲ್ಲ ತಾವರೆಗಳೂ ನೀಲಿಯೆಂದಾಗಲಿ, ನೀಲಿಯಾದುದೆಲ್ಲ ತಾವರೆಯೆಂದಾಗಲಿ ಇಲ್ಲಿ ಹೇಳಿಲ್ಲ.

ಕನ್ನಡದ ‘ಏ’ ಈ ಮೂರು ಕೆಲಸಗಳನ್ನೂ ಮಾಡುತ್ತದೆ. ಇಂಗ್ಲಿಷಿನ ‘ಓನ್ಲಿ’ಯಾದರೋ ಪ್ರಧಾನವಾಗಿ ಎರಡನೆಯದನ್ನು ಮಾಡುತ್ತದೆ. ವಿಷಯದ ಕೀಲಿಯು ಇಲ್ಲಿದೆ. ಮೂರು ಕೆಲಸದ ‘ಏ’ಗೆ ಒಂದು ಕೆಲಸದ ‘ಓನ್ಲಿ’ಯನ್ನು ಸಮಪದವೆಂದು ಹಿಡಿದುದರಿಂದ, ಉಳಿದೆರಡು ಕೆಲಸಗಳ ಹೊರೆಯನ್ನೂ ಬೆಂಗಳೂರಿನ ಇಂಗ್ಲಿಷು ಆ ಪದದ ಮೇಲೆಯೇ ಹೇರಿತು. ರಾಜಾಜಿನಗರದ ಮನೆಯ ಮಾತಿಗೆ ಹಿಂದಿರುಗೋಣ. ಅದನ್ನು ಆಡಿದವನ ಮನಸ್ಸಿನಲ್ಲಿರುವುದು ‘ನಾನಿರುವುದು ರಾಜಾಜಿನಗರದಲ್ಲೇ’ ಎಂಬುದು. ನನಗೂ ಆ ಬಡಾವಣೆಗೂ ಸಂಬಂಧವುಂಟು, ಸಂದೇಹ ಬೇಡ ಎಂದು ಆತನ ಭಾವ. ಇಂಗ್ಲಿಷನು ಕೇಳುವುದಾದರೋ, ಇವನಿಗೆ ಬೇರೆಡೆಯಲ್ಲಿ ಮನೆಯಿಲ್ಲವೆಂಬ, ಯಾರೂ ಕೇಳದ ಸಮಾಚಾರವನ್ನು. ‘ಹೀ ಈಸ್ ನಾಟ್ ಕಮಿಂಗ್ ಓನ್ಲಿ’ ಎಂಬುದು ಇದಕ್ಕಿಂತ ವಿಚಿತ್ರವಾದುದು. ‘ಅವನು ಬರುವುದೇ ಇಲ್ಲ’ ಎಂಬ ಕನ್ನಡದಲ್ಲಿ ‘ಏ’ ಕ್ರಿಯೆಗೆ ಹತ್ತಿ ನಿಷೇಧವನ್ನು ಪೂರ್ಣಗೊಳಿಸಿದೆ. ಇಂಗ್ಲಿಷಿನ ಪದಕ್ಕೆ ಆ ಶಕ್ತಿಯಿಲ್ಲ.

ಇದು ಕನ್ನಡಿಗರೊಬ್ಬರ ಸೃಷ್ಟಿಯೆಂದು ಹೇಳುವಂತಿಲ್ಲ. ತಮಿಳಿನ ‘ತಾನ್’, ತೆಲುಗಿನ ‘ಏ’, ಮಲಯಾಳದ ‘ತನ್ನೆ’, ಹಿಂದಿಯ ‘ಹೀ’ ಇವೆಲ್ಲ ಪದದ ಬೆನ್ನಿಗೆ ನಿಲ್ಲುವ ಅವಧಾರಣೆಗಳೇ. ರಾಜಾಜಿನಗರದ ಕೈಗಾರಿಕಾ ವಸಾಹತು, ಕಿರ್ಲೋಸ್ಕರ್ ಕಾರ್ಖಾನೆ, ಸರ್ಕಾರಿ ಸಾಬೂನು ಕಾರ್ಖಾನೆ ಇವುಗಳ ಸುತ್ತಮುತ್ತ ಬೆಳೆದ ಪಶ್ಚಿಮದ ಬಡಾವಣೆಗಳಲ್ಲಿ ಈ ನುಡಿಗಳನ್ನಾಡುವವರು ಒಂದೇ ಬೀದಿಯಲ್ಲಿ ನೆರೆದರು. ಒಬ್ಬರ ನುಡಿ ಇನ್ನೊಬ್ಬರಿಗೆ ಬಾರದಿದ್ದಾಗ ಇಂಗ್ಲಿಷು ನಡುವಣ ಸೇತುವೆಯಾಯಿತು. ಅವಧಾರಣೆಯ ಅಭ್ಯಾಸವು ಎಲ್ಲರಿಗೂ ಸಮಾನವಾಗಿದ್ದುದರಿಂದ ‘ಓನ್ಲಿ’ಯ ಹೊಸ ಅರ್ಥವನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ಪದದ ಮುಂದೆ ಇರಬೇಕಾದ ‘ಓನ್ಲಿ’ ಪದದ ಹಿಂದಕ್ಕೆ ಸರಿದುದಕ್ಕೂ ಇದೇ ಕಾರಣವೆಂದು ತೋರುತ್ತದೆ. ‘ಟುಡೇ ಇಟ್‌ಸೆಲ್ಫ್’ ಎಂಬುದೂ ಇದೇ ಕುಲದ್ದು. ಅದು ‘ಇವತ್ತೇ’ ಎಂಬುದರ ವೇಷಾಂತರ. ಭಾರತೀಯ ಇಂಗ್ಲಿಷಿನ ಈ ಎರಡು ಪದಗಳನ್ನು ಒತ್ತುಸೂಚಕಗಳೆಂದು ಪರಿಗಣಿಸಿ ಭಾಷಾವಿಜ್ಞಾನಿ ಕ್ಲಾಡಿಯಾ ಲ್ಯಾಂಗೆ ೨೦೦೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದ್ದಾರೆ. ಇಷ್ಟು ವ್ಯವಸ್ಥಿತವಾದುದನ್ನು ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ. ಇಲ್ಲಿಗೆ ಮೊದಲನೆಯ ಪಕ್ಷದ ವಾದವು ಬಿದ್ದಂತಾಯಿತು.

೪

ಹಾಗಾದರೆ ಎರಡನೆಯ ಪಕ್ಷವು ಗೆದ್ದಿತೆ? ಗೆಲ್ಲಲಿಲ್ಲ. ಬೀದಿಯಲ್ಲಿ ತೊಡಕಿಲ್ಲದ ಪದವು ಬರಹದಲ್ಲಿ ತೊಡಕಾಗುವುದುಂಟು.

ಕೆಂಗೇರಿಯ ಉದಾಹರಣೆಯನ್ನು ನೋಡಿ. ಪುರಸಭೆಯುಳ್ಳ ಪ್ರತ್ಯೇಕ ಊರಾಗಿದ್ದ ಕೆಂಗೇರಿಯು ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ೨೦೨೧ರ ಆಗಸ್ಟಿನಲ್ಲಿ ಮೆಟ್ರೋ ರೈಲು ಮೈಸೂರು ರಸ್ತೆಯ ನಿಲ್ದಾಣದಿಂದ ಕೆಂಗೇರಿಯವರೆಗೆ ಸಾಗಿತು. ೨೦೨೩ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿಯಿತು. ವಿಜಯನಗರದ ನಿಲ್ದಾಣದಲ್ಲಿ ಒಬ್ಬರು ‘ದಿಸ್ ಟ್ರೇನ್ ಗೋಸ್ ಟು ಕೆಂಗೇರಿ ಓನ್ಲಿ’ ಎನ್ನುತ್ತಾರೆ. ‘ಇದು ಕೆಂಗೇರಿಗೇ ಹೋಗುವ ಗಾಡಿ, ಅನುಮಾನವಿಲ್ಲದೆ ಹತ್ತಿ’ ಎಂದು ಅವರ ಅರ್ಥ. ೨೦೨೧ರಿಂದ ೨೦೨೩ರವರೆಗೆ ಕೆಂಗೇರಿಯೇ ಕೊನೆಯ ನಿಲ್ದಾಣವಾಗಿದ್ದುದರಿಂದ ಆ ವಾಕ್ಯವು ಎರಡೂ ಅರ್ಥದಲ್ಲಿ ಸತ್ಯವಾಗಿತ್ತು. ಚಲ್ಲಘಟ್ಟದ ದಾರಿ ತೆರೆದ ಮೇಲೆ, ಅಲ್ಲಿಯವರೆಗೆ ಸಾಗುವ ಗಾಡಿಯನ್ನು ಕುರಿತು ಅದೇ ವಾಕ್ಯವು ಕನ್ನಡದ ಕಿವಿಗೆ ಸತ್ಯ, ಇಂಗ್ಲಿಷಿನ ಕಿವಿಗೆ ಸುಳ್ಳು. ಚಲ್ಲಘಟ್ಟಕ್ಕೆ ಹೋಗಬೇಕಾದವನು ಅದನ್ನು ಇಂಗ್ಲಿಷಿನ ಅರ್ಥದಲ್ಲಿ ತಿಳಿದರೆ, ತನ್ನನ್ನು ಕೊಂಡೊಯ್ಯಬಲ್ಲ ಗಾಡಿಯನ್ನು ಬಿಟ್ಟು ನಿಂತಿರುತ್ತಾನೆ.

ಈ ನಷ್ಟ ಅಲ್ಪ. ಮುಂದಿನ ಗಾಡಿ ಬರುತ್ತದೆ. ಕಾಲವನ್ನು ಹೇಳುವ ವಾಕ್ಯಗಳಲ್ಲಿ ಹಾನಿಯು ಇನ್ನೂ ಆಳವಾದುದು. ‘ಅರ್ಜಿಯನ್ನು ನಿನ್ನೆಯೇ ಕೊಟ್ಟೆ’ ಎಂಬಲ್ಲಿ ಹೇಳುವವನ ಜಾಗರೂಕತೆ ಇದೆ. ತಡಮಾಡಲಿಲ್ಲ ಎಂದು ಅರ್ಥ. ‘ಓನ್ಲಿ ಯೆಸ್ಟರ್‌ಡೇ’ ಎಂಬ ಇಂಗ್ಲಿಷಿನಲ್ಲಿಯಾದರೋ ನಿನ್ನೆಯವರೆಗೂ ಕೊಡಲಿಲ್ಲ ಎಂಬ ತಡವಿದೆ. ಒಂದೇ ದಿನವು ಒಂದು ಭಾಷೆಯಲ್ಲಿ ಬೇಗ, ಇನ್ನೊಂದರಲ್ಲಿ ತಡ. ಕಚೇರಿಯ ಕಾಗದದಲ್ಲಿ ಇಂಥ ವಾಕ್ಯವು ಬಿದ್ದರೆ ಅರ್ಜಿದಾರನು ತನ್ನ ಕೈಯಾರೆ ತನ್ನ ಮೇಲೆ ತಪ್ಪನ್ನು ಹೊರಿಸಿಕೊಂಡಂತೆ.

ಇದನ್ನೇ ಇತಿಹಾಸಕ್ಕೆ ಅನ್ವಯಿಸಿ ನೋಡೋಣ. ‘ಮೈಸೂರಿನಲ್ಲಿ ೧೮೮೧ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತು’ ಎಂದು ಕನ್ನಡದಲ್ಲಿ ಬರೆದರೆ, ದಿವಾನ್ ರಂಗಾಚಾರ್ಲು ಅವರ ದೂರದೃಷ್ಟಿಗೆ ಸಂದ ಪ್ರಶಂಸೆ. ‘ಓನ್ಲಿ ಇನ್ ೧೮೮೧’ ಎಂದು ಅದು ಇಂಗ್ಲಿಷಿಗೆ ಹೋದರೆ, ಅಲ್ಲಿಯವರೆಗೆ ಆಗದೆ ಉಳಿದುದಕ್ಕೆ ಆಕ್ಷೇಪಣೆ. ‘ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ತಲಪಿತು’, ‘೧೯೧೬ರಲ್ಲೇ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು’ ಇವುಗಳ ಗತಿಯೂ ಇದೇ. ವರ್ಷ ಸರಿಯಾಗಿದೆ, ಹೆಸರು ಸರಿಯಾಗಿದೆ. ತೀರ್ಪು ಮಾತ್ರ ತಿರುಗಿಬಿದ್ದಿದೆ. ಪರೀಕ್ಷಕನಿಗೆ ಈ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ, ಏಕೆಂದರೆ ವಾಕ್ಯದಲ್ಲಿ ಸುಳ್ಳೆನ್ನುವಂಥ ಒಂದು ಅಂಶವೂ ಇಲ್ಲ. ಇಂಥಲ್ಲಿ ‘ಆಸ್ ಅರ್ಲಿ ಆಸ್’ ಎಂಬುದೇ ತಕ್ಕ ಪ್ರಯೋಗ.

ಕಾರಣವನ್ನು ಹೇಳುವ ವಾಕ್ಯಗಳಲ್ಲಿಯೂ ಹೀಗೆಯೇ. ೧೮೩೧ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡುದಕ್ಕೆ ‘ನಗರದ ದಂಗೆಯೇ ಕಾರಣ’ ಎಂದು ವಿದ್ಯಾರ್ಥಿಯು ಬರೆಯುತ್ತಾನೆ. ಕನ್ನಡದಲ್ಲಿ ಈ ವಾಕ್ಯಕ್ಕೆ ಎರಡು ಅರ್ಥಗಳು ಸಾಧ್ಯ. ದಂಗೆಯು ನಿಶ್ಚಯವಾಗಿಯೂ ಕಾರಣ ಎಂಬುದು ಒಂದು. ದಂಗೆಯ ಹೊರತು ಬೇರೆ ಕಾರಣವಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಒಪ್ಪಬಹುದು. ಎರಡನೆಯದನ್ನು ಒಪ್ಪಲಾಗದು, ಏಕೆಂದರೆ ೧೭೯೯ರ ಒಪ್ಪಂದದಂತೆ ವರ್ಷಕ್ಕೆ ಸಲ್ಲಬೇಕಾದ ಏಳು ಲಕ್ಷ ವರಹಗಳ ಪೊಗದಿ, ಹಣಕಾಸಿನ ಸ್ಥಿತಿಯನ್ನು ಕುರಿತು ಕಂಪನಿಯ ಸರ್ಕಾರ ಎತ್ತಿದ ಆಕ್ಷೇಪಗಳು, ಸಂದರ್ಭ ಬಂದರೆ ಆಡಳಿತವನ್ನು ವಹಿಸಿಕೊಳ್ಳಲು ಒಪ್ಪಂದವೇ ಕಂಪನಿಗೆ ಕೊಟ್ಟಿದ್ದ ಅವಕಾಶ ಇವನ್ನೆಲ್ಲ ಗಣಿಸಬೇಕು. ಆ ವಾಕ್ಯವು ‘ದಿ ಓನ್ಲಿ ಕಾಸ್’ ಎಂದು ಇಂಗ್ಲಿಷಿಗೆ ಹೋದೊಡನೆ ಮೊದಲನೆಯ ಅರ್ಥವು ಸತ್ತು ಎರಡನೆಯದು ಉಳಿಯುತ್ತದೆ. ವಿದ್ಯಾರ್ಥಿಯು ಮನಸ್ಸಿನಲ್ಲಿ ಹೇಳದ ಸಿದ್ಧಾಂತವೊಂದು ಅವನ ತಲೆಗೆ ಬರುತ್ತದೆ. ಇತಿಹಾಸದಲ್ಲಿ ಏಕಕಾರಣವಾದವು ದೊಡ್ಡ ದೋಷವೆಂದು ನಾವು ಬೋಧಿಸುತ್ತೇವೆ. ಆ ದೋಷದ ಒಂದಂಶವು ಪದದ ಬೆನ್ನಿಗೆ ಹತ್ತುವ ಈ ಒಂದು ಸ್ವರದಿಂದ ಬರುತ್ತಿರಬಹುದೆಂದು ನಾವು ಯೋಚಿಸುವುದಿಲ್ಲ.

೫

ಇದುವರೆಗೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿಯನ್ನು ನೋಡಿದೆವು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ‘ಓನ್ಲಿ’ಗೆ ಪ್ರತಿಯಾಗಿ ನಮ್ಮ ಕೈಗೆ ಮೊದಲು ಬರುವುದು ‘ಮಾತ್ರ’ ಎಂಬ ಪದ. ಸಂಸ್ಕೃತದಲ್ಲಿ ಇದಕ್ಕೆ ಮೂಲತಃ ಅಳತೆಯ ಅರ್ಥ. ಇಂಗ್ಲಿಷಿನ ಪದವು ಎಣಿಸುತ್ತದೆ, ‘ಮಾತ್ರ’ವು ಅಳೆಯುತ್ತದೆ, ‘ಏ’ ಬೆರಳಿಟ್ಟು ತೋರಿಸುತ್ತದೆ ಎಂದು ಹೇಳಿದರೆ ಮೂರರ ಸ್ವಭಾವವೂ ತಿಳಿಯುತ್ತದೆ.

ಅಳತೆಯೇ ಮುಖ್ಯವಾದ ಕಡೆ ‘ಮಾತ್ರ’ಕ್ಕೆ ಸಮನಿಲ್ಲ. ಚೆಕ್ಕಿನಲ್ಲಿಯೂ ರಸೀದಿಯಲ್ಲಿಯೂ ‘ಐನೂರು ರೂಪಾಯಿ ಮಾತ್ರ’ ಎಂದು ಬರೆಯುವುದು, ಮೊತ್ತದ ಮುಂದೆ ಯಾರೂ ಇನ್ನೇನನ್ನೂ ಸೇರಿಸದಿರಲಿ ಎಂಬ ಉದ್ದೇಶದಿಂದ. ಅಂಕಿಯನ್ನು ಕಾಯುವ ಈ ಎಚ್ಚರ ಹೊಸದಲ್ಲ. ವಿಜಯನಗರ ಕಾಲದ ಕನ್ನಡ ಶಾಸನಗಳಲ್ಲಿ ಮೊತ್ತವನ್ನು ಅಂಕಿಯಲ್ಲಿ ಕೊಟ್ಟು ‘ಅಕ್ಷರದಲು’ ಎಂದು ಮತ್ತೆ ಮಾತಿನಲ್ಲಿ ಬರೆದಿರುವುದನ್ನು ಕಾಣಬಹುದು. ಬಸ್ಸಿನ ಆಸನದ ಮೇಲೆ ‘ಮಹಿಳೆಯರಿಗೆ ಮಾತ್ರ’ ಎಂದು ಬರೆದರೂ ಯಾರಿಗೂ ಸಂದೇಹವಿಲ್ಲ.

ಆದರೆ ವಾಕ್ಯವು ನಿಷೇಧಾರ್ಥಕವಾದೊಡನೆ ‘ಮಾತ್ರ’ವು ಬಣ್ಣ ಬದಲಾಯಿಸುತ್ತದೆ. ‘ಎಲ್ಲರೂ ಬಂದರು, ನೀನು ಮಾತ್ರ ಬರಲಿಲ್ಲ’ ಎಂಬಲ್ಲಿ ಅದು ಒಬ್ಬನನ್ನು ಗುಂಪಿನಿಂದ ಬೇರ್ಪಡಿಸುತ್ತದೆ. ‘ಏನಾದರೂ ಮಾಡು, ಸುಳ್ಳು ಮಾತ್ರ ಹೇಳಬೇಡ’ ಎಂಬಲ್ಲಿ ಉಳಿದುದಕ್ಕೆಲ್ಲ ಅನುಮತಿಯಿತ್ತು ಒಂದನ್ನು ಬೇಡವೆನ್ನುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಸಂವಿಧಾನದ ಒಂದು ಮುಖ್ಯ ವಾಕ್ಯವನ್ನು ನೋಡಬೇಕು.

ಸಂವಿಧಾನದ ೧೫ನೆಯ ಅನುಚ್ಛೇದದ ಮೊದಲನೆಯ ಖಂಡವು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಅಥವಾ ಇವುಗಳಲ್ಲಿ ಯಾವುದಾದರೊಂದರ ಆಧಾರದಿಂದ ರಾಜ್ಯವು ಪ್ರಜೆಗಳಲ್ಲಿ ತಾರತಮ್ಯ ಮಾಡಬಾರದೆಂದು ವಿಧಿಸುತ್ತದೆ. ಇಂಗ್ಲಿಷ್ ಪಾಠದಲ್ಲಿ ‘ಆಧಾರ’ ಎಂಬುದರ ಪಕ್ಕದಲ್ಲಿ ‘ಓನ್ಲಿ’ ಎಂಬ ಪದವು ನಿಂತಿದೆ. ಸರ್ಕಾರಿ ಉದ್ಯೋಗವನ್ನು ಕುರಿತ ೧೬ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿಯೂ, ವಿದ್ಯಾಸಂಸ್ಥೆಗಳ ಪ್ರವೇಶವನ್ನು ಕುರಿತ ೨೯ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿಯೂ ಅದು ಹಾಗೆಯೇ ಇದೆ.

ಈ ಪದದ ಬೆಲೆಯೇನೆಂಬುದು ೧೯೫೧ರಲ್ಲಿಯೇ ತಿಳಿದುಬಂದಿತು. ಮದ್ರಾಸ್ ಸರ್ಕಾರವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರತಿ ೧೪ ಸ್ಥಾನಗಳನ್ನು ಕೋಮುವಾರು ಹಂಚಿದ್ದ ಆಜ್ಞೆಯು ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಬ್ರಾಹ್ಮಣ ಅರ್ಜಿದಾರರಿಗೆ ಪ್ರವೇಶ ದೊರೆಯದಿದ್ದುದಕ್ಕೆ ಜಾತಿಯೊಂದೇ ಕಾರಣವಲ್ಲ, ಅವರ ಪಾಲಿನ ಎರಡು ಸ್ಥಾನಗಳು ಅವರಿಗಿಂತ ಹೆಚ್ಚು ಅಂಕ ಪಡೆದವರಿಂದ ತುಂಬಿಹೋದುದೂ ಕಾರಣ ಎಂದು ವಾದಿಸಬಹುದಲ್ಲವೆ ಎಂಬುದನ್ನು ನ್ಯಾಯಾಲಯವು ಪರಿಶೀಲಿಸಿತು. ಆ ಎರಡು ಸ್ಥಾನಗಳ ಮಟ್ಟಿಗೆ ಅದು ನಿಜವಿರಬಹುದು, ಉಳಿದ ೧೨ ಸ್ಥಾನಗಳ ಮಟ್ಟಿಗೆ ಅವರು ಹೊರಗುಳಿಯಲು ಜಾತಿಯ ಹೊರತು ಬೇರೆ ಕಾರಣವಿಲ್ಲ ಎಂದು ಅದು ನಿರ್ಣಯಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ನಡೆದುದು ಅನ್ಯಯೋಗವ್ಯವಚ್ಛೇದದ ಪರೀಕ್ಷೆ. ಆ ವರ್ಷವೇ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯಾಗಿ ೧೫ನೆಯ ಅನುಚ್ಛೇದಕ್ಕೆ ನಾಲ್ಕನೆಯ ಖಂಡವು ಸೇರಿತು. ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಡು ಮಾಡಲು ಅವಕಾಶ ದೊರೆಯಿತು.

ಮೈಸೂರಿಗೆ ಈ ಪ್ರಶ್ನೆಯು ಹೊಸದಾಗಿರಲಿಲ್ಲ. ೧೯೧೮ರಲ್ಲಿಯೇ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ಇಲ್ಲಿ ನೇಮಕವಾಗಿತ್ತು. ಸಂವಿಧಾನ ಬಂದ ಮೇಲೆ ನಾಗನಗೌಡ ಸಮಿತಿಯ ವರದಿಯನ್ನನುಸರಿಸಿ ೧೯೬೨ರ ಜುಲೈ ೩೧ರಂದು ಮೈಸೂರು ಸರ್ಕಾರವು ಹೊರಡಿಸಿದ ಆಜ್ಞೆಯಿಂದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ ೬೮ ಸ್ಥಾನಗಳು ಮೀಸಲಾದುವು: ಹಿಂದುಳಿದವರಿಗೆ ೨೮, ಹೆಚ್ಚು ಹಿಂದುಳಿದವರಿಗೆ ೨೨, ಪರಿಶಿಷ್ಟ ಜಾತಿಗಳಿಗೆ ೧೫, ಪರಿಶಿಷ್ಟ ಪಂಗಡಗಳಿಗೆ ೩. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯ ತೀರ್ಪಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು, ಹಿಂದುಳಿದಿರುವಿಕೆಯನ್ನು ನಿರ್ಧರಿಸುವಾಗ ಜಾತಿಯನ್ನು ಗಣಿಸಬಹುದು, ಆದರೆ ಅದೊಂದೇ ಅಥವಾ ಅದೇ ಪ್ರಧಾನವಾದ ಒರೆಗಲ್ಲಾಗಬಾರದು ಎಂದು ಹೇಳಿ ಆಜ್ಞೆಯನ್ನು ರದ್ದುಗೊಳಿಸಿದರು. ೧೯೯೨ರ ಇಂದ್ರಾ ಸಾಹ್ನಿ ಮೊಕದ್ದಮೆಯಲ್ಲಿ, ಹಿಂದುಳಿದವರನ್ನು ಗುರುತಿಸುವ ಕೆಲಸವನ್ನು ಜಾತಿಯಿಂದ ಆರಂಭಿಸಬಹುದೆಂದು ಬಹುಮತದ ತೀರ್ಪು ಬಂದಿತು. ಇವುಗಳ ಗುಣದೋಷಗಳನ್ನು ತೂಗುವುದು ಇಲ್ಲಿಯ ಕೆಲಸವಲ್ಲ. ‘ಜಾತಿಯೂ’ ಎಂಬುದಕ್ಕೂ ‘ಜಾತಿಯೇ’ ಎಂಬುದಕ್ಕೂ ನಡುವೆ ಎಷ್ಟು ಮಕ್ಕಳ ಭವಿಷ್ಯವು ತೂಗಾಡಿತು ಎಂಬುದಷ್ಟನ್ನು ವಾಚಕರು ಗಮನಿಸಬೇಕು.

ಲಿಂಗದ ವಿಷಯದಲ್ಲಿಯೂ ಈ ಪದವು ತನ್ನ ಬಲವನ್ನು ತೋರಿಸಿದೆ. ವಿಮಾನದ ಪರಿಚಾರಿಕೆಯರ ಸೇವಾನಿಯಮಗಳನ್ನು ಕುರಿತ ೧೯೮೧ರ ನರ್ಗೀಸ್ ಮಿರ್ಜಾ ಮೊಕದ್ದಮೆಯಲ್ಲಿ, ನಿಷೇಧವಿರುವುದು ಲಿಂಗವೊಂದನ್ನೇ ಹಿಡಿದು ಮಾಡುವ ತಾರತಮ್ಯಕ್ಕೆ, ಲಿಂಗದೊಡನೆ ಇತರ ಕಾರಣಗಳೂ ಕೂಡಿದ್ದರೆ ಅದು ಈ ನಿಷೇಧದೊಳಗೆ ಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ‘ಓನ್ಲಿ’ಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತೇವೋ ಪ್ರಜೆಯ ರಕ್ಷಣೆಯು ಅಷ್ಟು ಕಿರಿದಾಗುತ್ತದೆ.

ಇಷ್ಟು ತೂಕದ ವಾಕ್ಯವನ್ನು ತರಗತಿಯಲ್ಲಿಯೂ ಪತ್ರಿಕೆಯಲ್ಲಿಯೂ ಕನ್ನಡದಲ್ಲಿ ಹೇಳುವಾಗ ‘ಜಾತಿಯ ಆಧಾರದ ಮೇಲೆ ಮಾತ್ರ ತಾರತಮ್ಯ ಮಾಡಬಾರದು’ ಎಂದು ಬರೆದರೆ ಏನಾಗುತ್ತದೆ? ಕನ್ನಡದ ಕಿವಿಗೆ ಅದು ‘ಸುಳ್ಳು ಮಾತ್ರ ಹೇಳಬೇಡ’ ಎಂಬಂತೆ ಕೇಳುತ್ತದೆ: ಬೇರೆ ಆಧಾರಗಳ ಮೇಲೆ ಮಾಡಿದರೆ ಮಾಡು, ಜಾತಿಯದು ಬೇಡ. ಇದು ಸಂವಿಧಾನದ ಮಾತಲ್ಲ. ಇನ್ನು ‘ಜಾತಿಯ ಆಧಾರದ ಮೇಲೆಯೇ ತಾರತಮ್ಯ ಮಾಡಬಾರದು’ ಎಂದರೆ ‘ಏ’ ಮಾಡುವ ಮೂರು ಕೆಲಸಗಳಲ್ಲಿ ಇಲ್ಲಿ ಯಾವುದು ಎಂಬ ಸಂದೇಹ ಉಳಿಯುತ್ತದೆ. ‘ಜಾತಿಯೊಂದನ್ನೇ ಆಧಾರವಾಗಿ ಹಿಡಿದು ತಾರತಮ್ಯ ಮಾಡಬಾರದು’ ಎಂದು ಬರೆದರೆ ಸಂದೇಹಕ್ಕೆ ಎಡೆಯಿಲ್ಲ. ‘ಒಂದು’ ಎಂಬ ಸಂಖ್ಯೆ ಎಣಿಸುತ್ತದೆ, ‘ಏ’ ತೋರಿಸುತ್ತದೆ; ಎರಡೂ ಕೂಡಿದಾಗ ಅನ್ಯವು ತಾನಾಗಿ ಹೊರಗುಳಿಯುತ್ತದೆ. ಇಂಗ್ಲಿಷಿನ ಪದದ ಹೊಟ್ಟೆಯಲ್ಲಿ ‘ಒನ್’ ಅಡಗಿರುವುದನ್ನು ನೆನೆದರೆ, ಕನ್ನಡದ ‘ಒಂದೇ’ ಎಂಬುದು ಅದಕ್ಕೆ ‘ಮಾತ್ರ’ಕ್ಕಿಂತ ಹತ್ತಿರದ ಬಂಧುವೆಂದು ಹೇಳಬಹುದು.

೬

ಮೇಲಿನ ವಿಚಾರದಿಂದ ಸಿದ್ಧವಾಗುವ ಅಂಶಗಳು ಇಷ್ಟು. ಬೆಂಗಳೂರಿನ ‘ಓನ್ಲಿ’ ಅಜ್ಞಾನದ ಫಲವಲ್ಲ. ಅದು ಇಂಗ್ಲಿಷಿನ ಅಂಗಿಯನ್ನು ತೊಟ್ಟ ಅವಧಾರಣೆ. ಬಸವೇಶ್ವರನಗರದ ಅಂಗಡಿಯಲ್ಲಿ, ವಿಜಯನಗರದ ನಿಲ್ದಾಣದಲ್ಲಿ, ಪರಸ್ಪರ ಬಲ್ಲವರ ನಡುವೆ ಅದು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅಲ್ಲಿಂದ ಅದನ್ನು ಓಡಿಸಲು ದಂಡ ಹಿಡಿಯುವುದು ವ್ಯರ್ಥ. ಆದರೆ ಕೇಳುವವನು ಎದುರಿಗಿಲ್ಲದ ಬರಹದಲ್ಲಿ, ವಿಶೇಷವಾಗಿ ಕಾಲ, ಕಾರಣ, ಹಕ್ಕು ಇವುಗಳನ್ನು ಹೇಳುವ ಬರಹದಲ್ಲಿ, ‘ಏ’, ‘ಓನ್ಲಿ’, ‘ಮಾತ್ರ’ ಇವು ಮೂರನ್ನೂ ಒಂದೇ ನಾಣ್ಯದ ಮ‍ೂರು ಮುದ್ರೆಗಳೆಂದು ಚಲಾಯಿಸಿದರೆ ಲೆಕ್ಕ ತಪ್ಪುತ್ತದೆ. ಎಲ್ಲ ಪ್ರಯೋಗವೂ ಶುದ್ಧವೆನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು.

ಇದಕ್ಕೆ ಹೊಸ ನಿಯಮಗಳು ಬೇಕಿಲ್ಲ, ಒಂದು ಪ್ರಶ್ನೆ ಸಾಕು. ವಾಕ್ಯದಲ್ಲಿ ಒತ್ತು ಬಿದ್ದಲ್ಲೆಲ್ಲ ‘ಇದರಿಂದ ಏನು ಹೊರಗುಳಿಯಿತು?’ ಎಂದು ವಿದ್ಯಾರ್ಥಿಯು ತನ್ನನ್ನು ತಾನು ಕೇಳಿಕೊಳ್ಳಬೇಕು. ಹೊರಗುಳಿದುದು ಇತರ ವಸ್ತುಗಳಾದರೆ ಇಂಗ್ಲಿಷಿನಲ್ಲಿ ‘ಓನ್ಲಿ’ ಬರಲಿ. ಹೊರಗುಳಿದುದು ಬರಿಯ ಸಂದೇಹವಾದರೆ ‘ಇಂಡೀಡ್’ ಮುಂತಾದ ಬೇರೆ ಪದವನ್ನು ಹುಡುಕಲಿ. ಹೊರಗುಳಿದುದು ತಡವಾದರೆ ‘ಆಸ್ ಅರ್ಲಿ ಆಸ್’ ಎನ್ನಲಿ. ಕನ್ನಡಕ್ಕೆ ತರುವಾಗಲೂ ಇದೇ ಪ್ರಶ್ನೆಯನ್ನು ಕೇಳಿ, ‘ಮಾತ್ರ’ವೋ, ‘ಏ’ಯೋ, ‘ಒಂದೇ’ಯೋ ಎಂದು ನಿರ್ಧರಿಸಲಿ. ವ್ಯಾಕರಣದ ತರಗತಿಯಲ್ಲಿ ಅರ್ಧ ಗಂಟೆಯನ್ನೂ ಪಡೆಯದ ಈ ಅವ್ಯಯಕ್ಕೆ ಇತಿಹಾಸದ ತರಗತಿಯಲ್ಲಿ ಒಂದು ಗಂಟೆಯನ್ನು ಕೊಟ್ಟರೂ ಅದು ವ್ಯರ್ಥವಾಗುವುದಿಲ್ಲ. ‘ಇದೂ ಕಾರಣ’ ಎಂಬುದನ್ನೂ ‘ಇದೇ ಕಾರಣ’ ಎಂಬುದನ್ನೂ ಬೇರೆಬೇರೆಯಾಗಿ ಬರೆಯಲು ಕಲಿತ ವಿದ್ಯಾರ್ಥಿಯು ಅವೆರಡನ್ನೂ ಬೇರೆಬೇರೆಯಾಗಿ ಯೋಚಿಸಲೂ ಕಲಿಯುತ್ತಾನೆ.